ಮಗುವಿನ ಋಜುತ್ವವೇ ವ್ಯಕ್ತಿತ್ವದ ಬೇರು

ವಾರ್ಷಿಕ ಮಹೋತ್ಸವದ ಪುಣ್ಯದಿನಗಳಲ್ಲಿ ಜಿನಮಂದಿರದ ಅಂಗಳವು ಮಾವಿನ ತೋರಣ, ಬಾಳೆಯ ಕಂಬಗಳಿಂದ ಕಂಗೊಳಿಸುತ್ತದೆ. ಪ್ರಾತಃಕಾಲದಲ್ಲಿ ಅಭಿಷೇಕ ಮತ್ತು ಪೂಜಾವಿಧಾನ, ಅಪರಾಹ್ಣದಲ್ಲಿ ಶಾಸ್ತ್ರಪ್ರವಚನ, ಸಾಯಂಕಾಲ ಮಂಗಳಾರತಿ. ಆರತಿಯ ಬಳಿಕ ವೇದಿಕೆಯು ಮಕ್ಕಳ ಪಾಲಾಗುತ್ತದೆ. ಣಮೋಕಾರ ಮಂತ್ರದ ಶುದ್ಧ ಉಚ್ಚಾರಣೆ, ತೀರ್ಥಂಕರರ ಲಾಂಛನಗಳನ್ನು ಗುರುತಿಸುವ ಸ್ಪರ್ಧೆ, ದಶಧರ್ಮಗಳನ್ನು ಕುರಿತ ಭಾಷಣ, ಕಿರುನಾಟಕ ಇವುಗಳಿಂದ ಸಭೆ ಆನಂದಗೊಳ್ಳುತ್ತದೆ. ಕನ್ನಡ, ಮರಾಠಿ, ಗುಜರಾತಿ, ಹಿಂದಿ ಮನೆಮಾತಿನ ಶ್ರಾವಕ ಕುಟುಂಬಗಳು ಒಂದೇ ಚಾಪೆಯ ಮೇಲೆ ಕುಳಿತು, ತಮ್ಮ ಮಕ್ಕಳ ಮಾತಿಗೆ ಒಂದೇ ರೀತಿಯಲ್ಲಿ ಚಪ್ಪಾಳೆ ತಟ್ಟುತ್ತವೆ.

ಈಚಿನ ದಶಕಗಳಲ್ಲಿ ಇದರೊಡನೆ ಇನ್ನೊಂದು ಚಟುವಟಿಕೆ ಸೇರಿಕೊಂಡಿದೆ. ಅದುವೇ ಶಾಲಾ ವಿದ್ಯಾರ್ಥಿಗಳ ವ್ಯಕ್ತಿತ್ವ ವಿಕಸನ ಶಿಬಿರ. ಬೇಸಿಗೆಯ ರಜೆಯಲ್ಲಿ ಶಾಲೆಗಳು, ಸಂಘ ಸಂಸ್ಥೆಗಳು, ಮಂದಿರದ ಪಾಠಶಾಲೆಗಳು ಇಂತಹ ಶಿಬಿರಗಳನ್ನು ನಡೆಸುತ್ತವೆ. ಸಭಾಕಂಪನವನ್ನು ಗೆಲ್ಲುವುದು, ಸಮಯವನ್ನು ಹೊಂದಿಸಿಕೊಳ್ಳುವುದು, ನೆನಪಿನ ಶಕ್ತಿಯನ್ನು ಬೆಳೆಸುವುದು, ಗುರಿಯನ್ನು ನಿಶ್ಚಯಿಸುವುದು ಇವೆಲ್ಲ ಅಲ್ಲಿನ ಪಾಠಗಳು. ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿ ಶಾಲೆಗಳಿಗಾಗಿ ಹತ್ತು ಜೀವನ ಕೌಶಲಗಳನ್ನು ಹೆಸರಿಸಿತು. ಆತ್ಮಾವಲೋಕನ, ಪರರ ನೋವನ್ನು ಅರಿಯುವುದು, ವಿಮರ್ಶಾತ್ಮಕ ಚಿಂತನೆ, ಸೃಜನಶೀಲ ಚಿಂತನೆ, ನಿರ್ಣಯ ಕೈಗೊಳ್ಳುವುದು, ಸಮಸ್ಯೆಯನ್ನು ಬಿಡಿಸುವುದು, ಪರಿಣಾಮಕಾರಿ ಸಂವಹನ, ಸಂಬಂಧಗಳ ನಿರ್ವಹಣೆ, ಒತ್ತಡವನ್ನು ತಾಳಿಕೊಳ್ಳುವುದು, ಭಾವನೆಗಳನ್ನು ಹತೋಟಿಯಲ್ಲಿಡುವುದು ಇವೇ ಆ ಹತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಜೀವನ ಕೌಶಲಗಳಿಗೆ ಸ್ಥಾನವನ್ನಿತ್ತಿದೆ. ಇವೆಲ್ಲವೂ ಸ್ವಾಗತಾರ್ಹ. ಆದರೆ ಈ ಹತ್ತರಲ್ಲಿ ಆತ್ಮಾವಲೋಕನಕ್ಕೆ ನಿಜವಾಗಿ ಎಷ್ಟು ಹೊತ್ತು ಸಿಗುತ್ತದೆ? ವೇದಿಕೆಯ ಮೇಲೆ ನಿಂತು ಮಾತನಾಡಲು ಕಲಿತ ಮಗು, ಮನೆಯೊಳಗೆ ಕುಳಿತು ತನ್ನ ತಪ್ಪನ್ನು ಹೇಳಿಕೊಳ್ಳಲು ಕಲಿತಿದೆಯೇ?

ಒಂದು ಮನೆಯ ಪ್ರಸಂಗ

ಎಂಟನೆಯ ತರಗತಿಯ ಒಬ್ಬ ಬಾಲಕನನ್ನು ಮನಸ್ಸಿಗೆ ತಂದುಕೊಳ್ಳಬಹುದು. ಅವನು ಯಾವ ಒಂದು ಊರಿನವನೂ ಅಲ್ಲ, ಹಾಗೆಂದೇ ಎಲ್ಲ ಊರಿನವನೂ ಹೌದು. ಉತ್ತಮ ಸತ್ಯಧರ್ಮವನ್ನು ಕುರಿತು ಸೊಗಸಾಗಿ ಮಾತನಾಡಿ ಮೊದಲ ಬಹುಮಾನವನ್ನು ಪಡೆದು ಮನೆಗೆ ಬಂದಿದ್ದಾನೆ. ಪ್ರಶಸ್ತಿಪತ್ರ ಗೋಡೆಯನ್ನು ಸೇರಿದೆ. ಅವನ ಶಾಲೆಯ ಚೀಲದ ತಳದಲ್ಲಿ ಇನ್ನೊಂದು ಕಾಗದ ಮಡಚಿಕೊಂಡು ಕುಳಿತಿದೆ. ಗಣಿತದ ಕಿರುಪರೀಕ್ಷೆಯಲ್ಲಿ 40ಕ್ಕೆ 9 ಅಂಕ, ಕೆಳಗೆ ತಂದೆಯ ಸಹಿ. ಆ ಸಹಿಯನ್ನು ಹಾಕಿದವನು ಬಾಲಕನೇ.

ಮರುದಿನ ಸೂರ್ಯಾಸ್ತಕ್ಕೆ ಮೊದಲು ತಾಯಿ ಊಟಕ್ಕೆ ಬಡಿಸುತ್ತಾಳೆ. ತಟ್ಟೆಯ ಮುಂದೆ ಕುಳಿತವನು ರೊಟ್ಟಿಯನ್ನು ಮುರಿಯುತ್ತಾನೆ, ಬಾಯಿಗೆ ಇಡುವುದಿಲ್ಲ. ಪಕ್ಕದಲ್ಲಿ ಜಪಮಾಲೆ ಹಿಡಿದು ಕುಳಿತ ಅಜ್ಜಿ ಕೇಳುತ್ತಾಳೆ: "ಯಾಕಪಾ ತಮ್ಮಾ, ಊಟ ಸೇರವಲ್ದೇನು?"

"ಏನಿಲ್ಲ ಆಯಿ, ಹಸಿವಿಲ್ಲ."

ಅಷ್ಟೇ ಮಾತು. ಆದರೆ ಆ "ಏನಿಲ್ಲ" ಎಂಬ ಎರಡು ಪದಗಳ ಒಳಗೆ ಎಲ್ಲವೂ ಇದೆ. ಸತ್ಯವನ್ನು ಕುರಿತು ಐದು ನಿಮಿಷ ನಿರರ್ಗಳವಾಗಿ ನುಡಿದ ನಾಲಗೆಗೆ, ತನ್ನ ಸತ್ಯವನ್ನು ನುಡಿಯಲು ಒಂದು ವಾಕ್ಯ ದೊರೆಯುತ್ತಿಲ್ಲ. ಈ ಬಾಲಕನು ದುಷ್ಟನಲ್ಲ. ಅವನು ಹೆದರಿದ್ದಾನೆ. ಹೆದರಿಕೆಯು ಅವನಿಂದ ಒಂದು ಸುಳ್ಳನ್ನು ಮಾಡಿಸಿದೆ. ಆ ಸುಳ್ಳು ಈಗ ಕಾಲಿಗೆ ನೆಟ್ಟ ಮುಳ್ಳಿನಂತೆ ಒಳಗೇ ಉಳಿದಿದೆ.

ಒಳಗೆ ಉಳಿದ ಮುಳ್ಳು

ಜೈನಶಾಸ್ತ್ರವು ಈ ಮುಳ್ಳನ್ನು ಶಲ್ಯವೆಂದು ಕರೆದಿದೆ. ಮಾಯೆ, ಮಿಥ್ಯಾತ್ವ, ನಿದಾನ ಎಂದು ಶಲ್ಯಗಳು ಮೂರು. ಕಪಟವು ಮಾಯಾಶಲ್ಯ, ವಿಪರೀತ ಶ್ರದ್ಧೆಯು ಮಿಥ್ಯಾಶಲ್ಯ, ಧರ್ಮಾಚರಣೆಗೆ ಪ್ರತಿಫಲವಾಗಿ ಭೋಗವನ್ನು ಬಯಸುವುದು ನಿದಾನಶಲ್ಯ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ವ್ರತಿಯ ಲಕ್ಷಣವನ್ನು ಹೇಳುವಾಗ, ಶಲ್ಯರಹಿತನಾದವನೇ ವ್ರತಿ ಎಂದು ನಿರ್ಣಯಿಸಿದ್ದಾರೆ. ವ್ರತಗಳನ್ನು ಸ್ವೀಕರಿಸಿದ ಮಾತ್ರಕ್ಕೆ ವ್ರತಿಯಾಗುವುದಿಲ್ಲ, ಮುಳ್ಳು ಹೊರಬಂದಿರಬೇಕು. ಕಾಲಿನಲ್ಲಿ ಮುಳ್ಳಿರುವವನು ಎಷ್ಟೇ ಬೆಲೆಯ ಪಾದರಕ್ಷೆಯನ್ನು ಧರಿಸಿದರೂ ಕುಂಟುತ್ತಾನೆ. ಅದೇ ಪ್ರಕಾರ, ಮನಸ್ಸಿನಲ್ಲಿ ಮಾಯಾಶಲ್ಯವಿರುವ ಮಗುವಿಗೆ ಎಷ್ಟು ಕೌಶಲಗಳನ್ನು ತೊಡಿಸಿದರೂ ಅದರ ನಡಿಗೆ ನೇರವಾಗುವುದಿಲ್ಲ.

ಇಲ್ಲಿ ಆಚಾರ್ಯಪರಂಪರೆಯ ಒಂದು ಅಪೂರ್ವ ಮಾತನ್ನು ಸ್ಮರಿಸಬೇಕು. ಶಿವಾರ್ಯರು ಪ್ರಾಕೃತದಲ್ಲಿ ರಚಿಸಿದ ಭಗವತೀ ಆರಾಧನೆಯು ಎರಡು ಸಾವಿರಕ್ಕೂ ಮಿಕ್ಕ ಗಾಹೆಗಳ ಮಹಾಗ್ರಂಥ. ಕನ್ನಡದ ಪ್ರಾಚೀನ ಗದ್ಯಕೃತಿಯಾದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳೂ ಇದೇ ಆರಾಧನಾ ಪರಂಪರೆಗೆ ಸೇರಿದವು. ಮುನಿಯು ತನ್ನ ದೋಷಗಳನ್ನು ಗುರುವಿನ ಮುಂದೆ ನಿವೇದಿಸಿಕೊಳ್ಳುವ ಆಲೋಚನಾ ವಿಧಿಯನ್ನು ಆ ಗ್ರಂಥ ಬಹು ವಿಸ್ತಾರವಾಗಿ ತಿಳಿಸುತ್ತದೆ. ಆ ನಿವೇದನೆ ಹೇಗಿರಬೇಕು? ಮಗುವು ತಾನು ಮಾಡಿದ ತಕ್ಕದ್ದನ್ನೂ ತಗದ್ದನ್ನೂ ಹೇಗೆ ನೇರವಾಗಿ ಹೇಳಿಬಿಡುತ್ತದೆಯೋ ಹಾಗೆ, ಕಪಟವನ್ನೂ ಸುಳ್ಳನ್ನೂ ಬಿಟ್ಟು ಹೇಳಬೇಕು ಎಂಬುದು ಅಲ್ಲಿನ ಉಪದೇಶದ ತಾತ್ಪರ್ಯ.

ಈ ಮಾತಿನ ಆಳವನ್ನು ಗಮನಿಸಬೇಕು. ಸರ್ವಸಂಗ ಪರಿತ್ಯಾಗ ಮಾಡಿದ ಮಹಾಮುನಿಗೆ ಆಚಾರ್ಯರು ಮಾದರಿಯಾಗಿ ತೋರಿಸಿದ್ದು ರಾಜನನ್ನಲ್ಲ, ಪಂಡಿತನನ್ನಲ್ಲ, ಒಂದು ಮಗುವನ್ನು. ಅಂದಮೇಲೆ ಋಜುತ್ವವೆಂಬುದು ಮಗುವಿಗೆ ಹೊರಗಿನಿಂದ ತಂದು ತುಂಬಬೇಕಾದ ಗುಣವಲ್ಲ. ಅದು ಮಗುವಿನಲ್ಲಿ ಮೊದಲೇ ಇದೆ. ಹಾಲಿನ ಪಾತ್ರೆಯನ್ನು ಉರುಳಿಸಿದ ಮೂರು ವರ್ಷದ ಕೂಸು ತಾನೇ ಓಡಿಬಂದು "ಅವ್ವಾ, ಹಾಲು ಚೆಲ್ಲಿದೆ" ಎನ್ನುತ್ತದೆ. ಅದೇ ಕೂಸು ಹದಿಮೂರನೆಯ ವಯಸ್ಸಿಗೆ "ಏನಿಲ್ಲ" ಎನ್ನುವುದನ್ನು ಕಲಿತಿರುತ್ತದೆ. ನಡುವಿನ ಹತ್ತು ವರ್ಷಗಳಲ್ಲಿ ಅದಕ್ಕೆ ಈ ಪಾಠವನ್ನು ಕಲಿಸಿದವರು ಯಾರು?

ದಶಧರ್ಮಗಳ ಕ್ರಮದಲ್ಲಿರುವ ಅರ್ಥ

ಈ ಪ್ರಶ್ನೆಗೆ ಉತ್ತರ ದಶಲಕ್ಷಣ ಧರ್ಮಗಳ ಕ್ರಮದಲ್ಲಿಯೇ ಅಡಗಿದೆ. ಮೊದಲನೆಯದು ಉತ್ತಮ ಕ್ಷಮೆ, ಎರಡನೆಯದು ಮಾರ್ದವ, ಮೂರನೆಯದು ಆರ್ಜವ. ಕ್ರೋಧವನ್ನು ಗೆಲ್ಲುವುದು ಕ್ಷಮೆ, ಮಾನಕಷಾಯವನ್ನು ಗೆಲ್ಲುವುದು ಮಾರ್ದವ, ಮಾಯೆಯನ್ನು ಗೆಲ್ಲುವುದು ಆರ್ಜವ. ಒಬ್ಬ ಜೀವನ ಸಾಧನೆಗೆ ಹೇಳಿದ ಈ ಕ್ರಮವನ್ನು ಒಂದು ಕುಟುಂಬಕ್ಕೆ ಅನ್ವಯಿಸಿ ನೋಡಿದರೆ ಹೊಸ ಬೆಳಕು ಕಾಣುತ್ತದೆ. ಮನೆಯ ಹಿರಿಯರಲ್ಲಿ ಕ್ಷಮೆ ಮತ್ತು ಮಾರ್ದವಗಳಿದ್ದರೆ ಕಿರಿಯರಲ್ಲಿ ಆರ್ಜವವು ಸಹಜವಾಗಿ ಉಳಿಯುತ್ತದೆ. ಹಿರಿಯರ ಕ್ರೋಧವು ಕಿರಿಯರಲ್ಲಿ ಮಾಯೆಯಾಗಿ ಹುಟ್ಟುತ್ತದೆ. ಹಿರಿಯರ ಮಾನಕಷಾಯವು ಕಿರಿಯರ ಬೆನ್ನ ಮೇಲೆ ಹೊರೆಯಾಗಿ ಕುಳಿತುಕೊಳ್ಳುತ್ತದೆ.

ಬಂಧುಬಳಗದ ಮದುವೆಯಲ್ಲಿ "ನಮ್ಮವನಿಗೆ ಶೇಕಡಾ ಎಷ್ಟು, ನಿಮ್ಮವಳಿಗೆ ಎಷ್ಟು" ಎಂಬ ಲೆಕ್ಕ ನಡೆಯುವಾಗ ಪಕ್ಕದಲ್ಲಿ ನಿಂತ ಮಗು ಕೇಳಿಸಿಕೊಳ್ಳುತ್ತಿರುತ್ತದೆ. ತನ್ನ ಅಂಕಗಳು ಕೇವಲ ತನ್ನವಲ್ಲ, ಅಪ್ಪನ ತಲೆ ಎತ್ತಿಸುವ ಅಥವಾ ತಗ್ಗಿಸುವ ಸಾಧನಗಳು ಎಂದು ಅದು ಅರಿಯುತ್ತದೆ. ಅಂದಿನಿಂದ ಅಂಕಪತ್ರಿಕೆಯನ್ನು ಬಚ್ಚಿಡುವುದು ಅದರ ದೃಷ್ಟಿಯಲ್ಲಿ ಅಪ್ಪನ ಮಾನವನ್ನು ಕಾಯುವ ಕೆಲಸವಾಗಿ ಬಿಡುತ್ತದೆ. ಹಿರಿಯರು ತಿಳಿಯದೆ ಬಿತ್ತಿದ ಬೀಜ ಹೀಗೆ ಮೊಳೆಯುತ್ತದೆ.

ಇದು ಸಣ್ಣ ವಿಷಯವಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ನೆಯ ಒಂದೇ ವರ್ಷದಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಪ್ರತಿಯೊಂದು ದುರಂತದ ಹಿಂದೆ ಹಲವು ಕಾರಣಗಳಿರುತ್ತವೆ, ಎಲ್ಲವನ್ನೂ ಒಂದೇ ಮಾತಿನಲ್ಲಿ ವಿವರಿಸುವುದು ಸಲ್ಲದು. ಆದರೆ ಹೇಳಿಕೊಳ್ಳಲಾರದ ದುಃಖವು ಹೇಳಿಕೊಂಡ ದುಃಖಕ್ಕಿಂತ ಭಾರವೆಂಬುದನ್ನು ಅರಿಯಲು ಯಾವ ವರದಿಯೂ ಬೇಕಿಲ್ಲ. ಇರುವೆಯ ಮೇಲೆ ಕಾಲಿಡಬಾರದೆಂದು ನೆಲ ನೋಡಿ ನಡೆಯುವ ಸಮಾಜವು, ತನ್ನ ಮನೆಯಲ್ಲಿಯೇ ಬಾಡುತ್ತಿರುವ ಪಂಚೇಂದ್ರಿಯ ಜೀವದ ಮುಖವನ್ನು ನೋಡದಿದ್ದರೆ ಅಹಿಂಸೆ ಪೂರ್ಣವಾಗುವುದಿಲ್ಲ.

ಕೇಳಿಸಿಕೊಳ್ಳುವವನ ಯೋಗ್ಯತೆ

ಮಗು ತಪ್ಪನ್ನು ಹೇಳಬೇಕೆಂದು ಬಯಸುವ ಮೊದಲು, ಕೇಳಿಸಿಕೊಳ್ಳುವವರು ಅದಕ್ಕೆ ಅರ್ಹರಾಗಿರಬೇಕು. ಭಗವತೀ ಆರಾಧನೆಯು ಆಲೋಚನೆಯನ್ನು ಕೇಳುವ ಆಚಾರ್ಯನ ಗುಣಗಳನ್ನೂ ಎಣಿಸಿದೆ. ಅವುಗಳಲ್ಲಿ ಒಂದು ಅಪರಿಸ್ರಾವೀ ಗುಣ. ಕಾದ ಕಬ್ಬಿಣವು ಹೀರಿಕೊಂಡ ನೀರು ಹೇಗೆ ಮತ್ತೆ ಹೊರಕ್ಕೆ ಬರುವುದಿಲ್ಲವೋ ಹಾಗೆಯೇ ಶಿಷ್ಯನು ನಿವೇದಿಸಿದ ದೋಷವು ಆಚಾರ್ಯನಿಂದ ಇನ್ನೊಬ್ಬರಿಗೆ ಸೋರಬಾರದು. ಪ್ರತಿ ತಂದೆತಾಯಿಯೂ, ಪ್ರತಿ ಶಿಕ್ಷಕರೂ ಮನನ ಮಾಡಬೇಕಾದ ಲಕ್ಷಣವಿದು. ಮಗು ಬೆಳಿಗ್ಗೆ ಅಳುತ್ತಾ ಹೇಳಿದ್ದನ್ನು ತಾಯಿ ಸಂಜೆ ನೆರೆಮನೆಯವರ ಮುಂದೆ ನಗುತ್ತಾ ಹೇಳಿದರೆ, ಮಗು ಇನ್ನೊಮ್ಮೆ ಆ ಬಾಗಿಲನ್ನು ತಟ್ಟುವುದಿಲ್ಲ. ಫೋನಿನಲ್ಲಿ ಮಾವನಿಗೆ, ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಹತ್ತಾರು ಜನರಿಗೆ ಅದು ಹರಡಿದರೆ ಹೇಳುವುದೇ ಬೇಡ.

ಹಾಗೆಂದು ತಪ್ಪನ್ನು ಕೇಳಿ ಸುಮ್ಮನಾಗಬೇಕೆಂಬುದು ಶಾಸ್ತ್ರದ ಅಭಿಪ್ರಾಯವಲ್ಲ. ಅದೇ ಗುಣಗಳ ಸಾಲಿನಲ್ಲಿ, ಶಿಷ್ಯನು ಅಡಗಿಸಿಟ್ಟ ದೋಷವನ್ನು ದೃಢತೆಯಿಂದ ಹೊರತೆಗೆಸುವ ಸಾಮರ್ಥ್ಯವೂ ಆಚಾರ್ಯನಿಗಿರಬೇಕೆಂದು ಹೇಳಿದೆ. ಆಲೋಚನೆಯ ಬಳಿಕ ಯಥೋಚಿತ ಪ್ರಾಯಶ್ಚಿತ್ತವುಂಟು. ಸಹಿಯನ್ನು ತಾನೇ ಹಾಕಿದ ಮಗು ಮರುದಿನ ಶಿಕ್ಷಕರ ಮುಂದೆ ಅದನ್ನು ಒಪ್ಪಿಕೊಳ್ಳಲೇಬೇಕು, ಬಿಟ್ಟುಹೋದ ಲೆಕ್ಕಗಳನ್ನು ಮತ್ತೆ ಮಾಡಲೇಬೇಕು. ಪ್ರಾಯಶ್ಚಿತ್ತವು ದೋಷವನ್ನು ತೊಳೆಯಲು ಇರುವುದೇ ಹೊರತು ದೋಷಿಯನ್ನು ಹೀಯಾಳಿಸಲು ಅಲ್ಲ. ಮುಳ್ಳು ತೆಗೆಯುವಾಗ ನೋವಾಗುತ್ತದೆ. ಆದರೆ ಮುಳ್ಳು ತೆಗೆಯುವವನು ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡಿರುತ್ತಾನೆ.

ಹಿರಿಯರೇ ಮೊದಲು ಬಾಗಿದ ಕಥೆ

ಶ್ವೇತಾಂಬರ ಪರಂಪರೆಯ ಉಪಾಸಕದಶಾಂಗದಲ್ಲಿ ಬರುವ ಆನಂದ ಶ್ರಾವಕನ ವೃತ್ತಾಂತವು ಇಲ್ಲಿ ಸ್ಮರಣೀಯ. ವಾಣಿಜ್ಯಗ್ರಾಮದ ಶ್ರೀಮಂತ ಗೃಹಸ್ಥನಾದ ಆನಂದನು ಭಗವಾನ್ ಮಹಾವೀರರಿಂದ ಶ್ರಾವಕವ್ರತಗಳನ್ನು ಸ್ವೀಕರಿಸಿ, ಜೀವಿತದ ಕೊನೆಯಲ್ಲಿ ಸಲ್ಲೇಖನದಲ್ಲಿದ್ದಾಗ ಅವಧಿಜ್ಞಾನವನ್ನು ಪಡೆದನು. ಭಿಕ್ಷೆಗಾಗಿ ಆ ಕಡೆಗೆ ಬಂದ ಗೌತಮ ಗಣಧರರಿಗೆ ತನ್ನ ಜ್ಞಾನದ ವ್ಯಾಪ್ತಿಯನ್ನು ವಿನಯದಿಂದ ನಿವೇದಿಸಿದನು. ಗೃಹಸ್ಥನಿಗೆ ಇಷ್ಟು ವಿಸ್ತಾರವಾದ ಅವಧಿಜ್ಞಾನ ಸಾಧ್ಯವಿಲ್ಲ, ಈ ಮಾತಿಗಾಗಿ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು ಎಂದು ಗೌತಮರು ನುಡಿದರು. ಆಗ ಆನಂದನು, ಪ್ರಾಯಶ್ಚಿತ್ತವು ಇರುವುದು ಸತ್ಯ ನುಡಿದವನಿಗೋ ಅಸತ್ಯ ನುಡಿದವನಿಗೋ ಎಂದು ಕೇಳಿದನು. ಸತ್ಯಕ್ಕೆ ಪ್ರಾಯಶ್ಚಿತ್ತವಿಲ್ಲವಾದರೆ ಅದು ತಮಗೇ ಸಲ್ಲುತ್ತದೆಂದು ವಿನಯವನ್ನು ಬಿಡದೆ ಬಿನ್ನವಿಸಿದನು.

ಗೌತಮರ ಮನಸ್ಸಿನಲ್ಲಿ ಸಂಶಯ ಮೂಡಿತು. ಅವರು ಭಗವಂತನ ಸನ್ನಿಧಿಗೆ ಬಂದು ನಡೆದುದನ್ನೆಲ್ಲ ಹೇಳಿದರು. ಆನಂದನು ನುಡಿದುದೇ ಸತ್ಯವೆಂದೂ, ಗೌತಮರೇ ಹೋಗಿ ಅವನಲ್ಲಿ ಕ್ಷಮೆ ಕೇಳಬೇಕೆಂದೂ ಭಗವಂತನ ಅಪ್ಪಣೆಯಾಯಿತು. ಪ್ರಥಮ ಗಣಧರರು, ಮಹಾಜ್ಞಾನಿಗಳು, ಅಸಂಖ್ಯಾತರ ವಂದನೆಗೆ ಪಾತ್ರರಾದವರು ಹಿಂತಿರುಗಿ ನಡೆದುಹೋಗಿ ಒಬ್ಬ ಗೃಹಸ್ಥನಲ್ಲಿ ಕ್ಷಮೆಯನ್ನು ಯಾಚಿಸಿದರು. ಅದರಿಂದ ಅವರ ಗೌರವಕ್ಕೆ ಕುಂದು ಬರಲಿಲ್ಲ. ಇಂದಿಗೂ ಆ ಪ್ರಸಂಗವನ್ನು ಅವರ ಹಿರಿಮೆಯ ನಿದರ್ಶನವಾಗಿಯೇ ಹೇಳಲಾಗುತ್ತದೆ.

ಗಣಧರರಿಗೆ ಸಾಧ್ಯವಾದುದು ಮನೆಯ ಯಜಮಾನನಿಗೆ ಏಕೆ ಸಾಧ್ಯವಾಗಬಾರದು? ವಿಚಾರಿಸದೆ ಮಗನನ್ನು ಗದರಿಸಿದ ತಂದೆ ನಿಜಸ್ಥಿತಿ ತಿಳಿದ ಮೇಲೆ "ತಪ್ಪು ನನ್ನದಾಗಿತ್ತು" ಎಂದು ಒಂದು ಸಲ ಹೇಳಿದರೆ, ಹತ್ತು ಶಿಬಿರಗಳು ಕಲಿಸಲಾರದ್ದನ್ನು ಮಗ ಆ ಕ್ಷಣದಲ್ಲಿ ಕಲಿಯುತ್ತಾನೆ.

ಯಾರೂ ಕಾಣದ ಜಾಗ

ಇನ್ನೊಂದು ಕಥೆ ಜೈನಪುರಾಣಗಳಲ್ಲಿ ಸಣ್ಣಪುಟ್ಟ ಪಾಠಭೇದಗಳೊಂದಿಗೆ ಬರುತ್ತದೆ. ಕ್ಷೀರಕದಂಬನೆಂಬ ಉಪಾಧ್ಯಾಯನ ಬಳಿ ಅವನ ಮಗ ಪರ್ವತ, ನಾರದ ಹಾಗೂ ರಾಜಕುಮಾರ ವಸು ವಿದ್ಯಾಭ್ಯಾಸ ಮಾಡುತ್ತಿದ್ದರು. ಗುರುವು ಶಿಷ್ಯರ ಅಂತರಂಗವನ್ನು ಪರೀಕ್ಷಿಸಲು ಹಿಟ್ಟಿನಿಂದ ಪ್ರಾಣಿಯ ಆಕೃತಿಗಳನ್ನು ಮಾಡಿಕೊಟ್ಟು, ಯಾರೂ ಕಾಣದ ಜಾಗದಲ್ಲಿ ಇದನ್ನು ಛೇದಿಸಿ ಬನ್ನಿರಿ ಎಂದನು. ಪರ್ವತನು ನಿರ್ಜನವಾದ ಕಾಡಿಗೆ ಹೋಗಿ ಕೆಲಸ ಮುಗಿಸಿ ಬಂದನು. ನಾರದನು ಹಾಗೆಯೇ ಹಿಂತಿರುಗಿ ಬಂದನು. ಯಾರೂ ಕಾಣದ ಜಾಗವೇ ತನಗೆ ದೊರೆಯಲಿಲ್ಲವೆಂಬುದು ಅವನ ಉತ್ತರದ ಸಾರ.

ಮುಂದೆ ಬೆಳೆದು ದೊಡ್ಡವರಾದ ಮೇಲೆ "ಅಜ" ಎಂಬ ಪದದ ಅರ್ಥದ ಬಗ್ಗೆ ನಾರದ ಪರ್ವತರಲ್ಲಿ ವಿವಾದವಾಯಿತು. ಯಜ್ಞಕ್ಕೆ ಹೇಳಿದ ಅಜವೆಂದರೆ ಮತ್ತೆ ಮೊಳೆಯದ ಹಳೆಯ ಧಾನ್ಯವೆಂದು ನಾರದ, ಆಡು ಎಂದು ಪರ್ವತ. ತೀರ್ಪು ಹೇಳಬೇಕಾದವನು ಸಹಪಾಠಿಯಾದ ವಸುರಾಜ. ನಿಜವನ್ನು ಬಲ್ಲವನಾಗಿಯೂ ಗುರುಪತ್ನಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಅವನು ಪರ್ವತನ ಪರವಾಗಿ ಸುಳ್ಳು ನುಡಿದನು. ಸತ್ಯದ ಮಹಿಮೆಯಿಂದ ಆಕಾಶದಲ್ಲಿ ನಿಂತಿದೆಯೆಂದು ಜನ ನಂಬಿದ್ದ ಅವನ ಸ್ಫಟಿಕದ ಸಿಂಹಾಸನವು ನೆಲಕ್ಕೆ ಕುಸಿಯಿತು.

ಮೂವರು ಸಹಪಾಠಿಗಳು, ಒಬ್ಬನೇ ಗುರು, ಒಂದೇ ಪಾಠ. ಆದರೂ ಮೂರು ದಾರಿ. ಪರ್ವತನು ಹೊರಗಿನ ಕಣ್ಣಿಗೆ ಮಾತ್ರ ಹೆದರಿದನು. ವಸುವು ಒಳಗಿನ ಕಣ್ಣನ್ನು ಬಲ್ಲವನಾಗಿಯೂ ದಾಕ್ಷಿಣ್ಯಕ್ಕೆ ಸೋತನು. ನಾರದನೊಬ್ಬನೇ ತನ್ನನ್ನು ತಾನು ಸಾಕ್ಷಿಯಾಗಿ ಇಟ್ಟುಕೊಂಡನು. ಇಂದಿನ ವಿದ್ಯಾರ್ಥಿಗೆ ಯಾರೂ ಕಾಣದ ಕಾಡು ಎಂದರೆ ಕೋಣೆಯ ಬಾಗಿಲು ಹಾಕಿಕೊಂಡು ಕೈಯಲ್ಲಿ ಹಿಡಿದ ಮೊಬೈಲ್. ಕೃತಕ ಬುದ್ಧಿಮತ್ತೆಯ ಯಂತ್ರವು ಕ್ಷಣಮಾತ್ರದಲ್ಲಿ ಪ್ರಬಂಧವನ್ನು ಬರೆದುಕೊಡುವ ಈ ಕಾಲದಲ್ಲಿ, ಇದು ನನ್ನ ಬರಹವೋ ಅಲ್ಲವೋ ಎಂಬುದಕ್ಕೆ ಕೊನೆಗೂ ಸಾಕ್ಷಿ ವಿದ್ಯಾರ್ಥಿಯೊಬ್ಬನೇ. ಗೆಳೆಯರು ಒತ್ತಾಯಿಸಿದರೆಂದು ತಂಬಾಕಿನ ಪುಡಿಗೆ ಕೈಚಾಚುವ ಹುಡುಗನ ಸ್ಥಿತಿಯು ವಸುರಾಜನ ಸ್ಥಿತಿಯೇ. ನಿರ್ಣಯ ಕೈಗೊಳ್ಳುವ ಕೌಶಲವೆಂದು ಹೊಸ ಪಠ್ಯಗಳು ಹೇಳುವುದನ್ನು ಪುರಾಣವು ಮೂವರು ಬಾಲಕರ ಕಥೆಯಲ್ಲಿ ಕಲಿಸಿತು.

ಪಾಠಶಾಲೆ ಮತ್ತು ಮನೆಗಳಲ್ಲಿ ನಡೆಸಬಹುದಾದ ಅಭ್ಯಾಸ

ಆವಶ್ಯಕ ಕ್ರಿಯೆಗಳು ಆರು. ಸಾಮಾಯಿಕ, ಸ್ತವ, ವಂದನೆ, ಪ್ರತಿಕ್ರಮಣ, ಪ್ರತ್ಯಾಖ್ಯಾನ, ಕಾಯೋತ್ಸರ್ಗ. ಮುನಿಗಳಿಗೆ ವಿಧಿಸಿದ ಇವುಗಳನ್ನು ಮಕ್ಕಳ ಶಕ್ತಿಗೆ ತಕ್ಕಂತೆ ಅಳವಡಿಸಿದರೆ ಶಿಬಿರಕ್ಕೆ ಬೇರೆ ಪಠ್ಯವೇ ಬೇಕಾಗುವುದಿಲ್ಲ. ವಿಶೇಷವಾಗಿ ಕೊನೆಯ ಮೂರನ್ನು ಗಮನಿಸಬಹುದು.

ಪ್ರತಿಕ್ರಮಣವೆಂದರೆ ಕಳೆದುದರ ಕಡೆಗೆ ತಿರುಗಿ ನೋಡುವುದು. ಮಲಗುವ ಮುನ್ನ ಮಗು ಮೂರು ಪ್ರಶ್ನೆಗಳನ್ನು ತನ್ನಲ್ಲಿ ಕೇಳಿಕೊಳ್ಳಲಿ. ಇಂದು ಯಾರಿಗೆ ನೋವಾಯಿತು? ಇಂದು ಏನನ್ನು ಬಚ್ಚಿಟ್ಟೆ? ಇಂದು ಯಾವ ಒಳಿತು ನನ್ನಿಂದಾಯಿತು? ಮೂರನೆಯ ಪ್ರಶ್ನೆಯನ್ನು ಬಿಡಲಾಗದು. ದೋಷವನ್ನಷ್ಟೇ ಎಣಿಸುವ ಮಗು ಕುಗ್ಗುತ್ತದೆ. ಪ್ರತ್ಯಾಖ್ಯಾನವೆಂದರೆ ಮುಂದಿನದಕ್ಕೆ ಕಟ್ಟೆ ಕಟ್ಟುವುದು. "ನಾಳೆಯಿಂದ ಎಂದಿಗೂ ಸಿಟ್ಟಾಗುವುದಿಲ್ಲ" ಎಂಬ ದೊಡ್ಡ ಪ್ರತಿಜ್ಞೆ ಬೇಡ, "ನಾಳೆ ಒಂದು ದಿನ ತಂಗಿಯ ಮೇಲೆ ಕೈ ಎತ್ತುವುದಿಲ್ಲ" ಎಂಬ ಸಣ್ಣ ನಿಯಮ ಸಾಕು. ಕಾಲದ ಮಿತಿಯುಳ್ಳ ನಿಯಮವೂ ವ್ರತವೇ ಎಂದು ಜೈನಾಚಾರ ಒಪ್ಪುತ್ತದೆ. ಕಾಯೋತ್ಸರ್ಗವೆಂದರೆ ದೇಹದ ಮಮತೆಯನ್ನು ಬಿಟ್ಟು ನಿಶ್ಚಲವಾಗಿ ನಿಲ್ಲುವುದು. ಒಂಬತ್ತು ಸಲ ಣಮೋಕಾರ ಮಂತ್ರವನ್ನು ಇಪ್ಪತ್ತೇಳು ಉಸಿರುಗಳಲ್ಲಿ ಜಪಿಸುವ ರೂಢಿ ಬಹುಕಾಲದಿಂದ ಬಂದಿದೆ. ಪರೀಕ್ಷೆಯ ದಿನ ಮನೆಯಿಂದ ಹೊರಡುವ ಮುನ್ನ ಇಪ್ಪತ್ತೇಳು ಉಸಿರುಗಳ ಕಾಲ ಸ್ಥಿರವಾಗಿ ನಿಂತ ವಿದ್ಯಾರ್ಥಿಗೆ, ಪ್ರಶ್ನೆಪತ್ರಿಕೆಯ ಮುಂದೆ ಎದೆ ಡವಗುಟ್ಟಿದಾಗ ಮರಳಲು ಒಂದು ನೆಲೆಯಿರುತ್ತದೆ.

ಭಾಷೆಯ ವಿಷಯವೂ ಮುಖ್ಯ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಅನೇಕ ಜೈನ ಮನೆಗಳಲ್ಲಿ ಅಜ್ಜಿಯ ಮಾತು ಕನ್ನಡ, ಶಾಲೆಯ ಮಾತು ಮರಾಠಿ ಇಲ್ಲವೆ ಇಂಗ್ಲಿಷ್, ಪೂಜೆಯ ಮಾತು ಸಂಸ್ಕೃತ ಪ್ರಾಕೃತ. ಸಮವಸರಣದಲ್ಲಿ ತೀರ್ಥಂಕರರ ದಿವ್ಯಧ್ವನಿಯನ್ನು ಪ್ರತಿಯೊಂದು ಜೀವವೂ ತನ್ನ ತನ್ನ ಭಾಷೆಯಲ್ಲಿ ಗ್ರಹಿಸುತ್ತಿತ್ತೆಂಬುದು ಪರಂಪರೆಯ ಶ್ರದ್ಧೆ. ಆದುದರಿಂದ ಮಗು ತನ್ನ ಮನಸ್ಸನ್ನು ಯಾವ ಭಾಷೆಯಲ್ಲಿ ಬಿಚ್ಚಿದರೂ ಅದು ಆಲೋಚನೆಯೇ. ಅಳುತ್ತಾ ಮರಾಠಿಯಲ್ಲಿ ಹೇಳಿದರೆ ಕನ್ನಡದಲ್ಲಿ ಹೇಳೆಂದು ತಡೆಯಬಾರದು, ಕನ್ನಡದಲ್ಲಿ ಹೇಳಿದರೆ ಇಂಗ್ಲಿಷಿನಲ್ಲಿ ಹೇಳೆಂದು ತಿದ್ದಬಾರದು. ವ್ಯಾಕರಣವನ್ನು ಮರುದಿನ ತಿದ್ದಬಹುದು.

ಮಾತಿನ ಜೊತೆಗೆ ಕೈಕೆಲಸವೂ ಬೇಕು. 1918ರಲ್ಲಿ ವಿದರ್ಭದ ಕಾರಂಜಾದಲ್ಲಿಯೂ, ಮುಂದೆ ಕುಂಭೋಜದ ಬಳಿಯ ಬಾಹುಬಲಿಯಲ್ಲಿಯೂ ಸಮಂತಭದ್ರ ಮಹಾರಾಜರು ಕಟ್ಟಿ ಬೆಳೆಸಿದ ಗುರುಕುಲಗಳು ಧರ್ಮಶಿಕ್ಷಣವನ್ನೂ ಲೌಕಿಕ ಶಿಕ್ಷಣವನ್ನೂ ಒಂದುಗೂಡಿಸಿದವು. 1887ರಲ್ಲಿ ಅದೇ ಕುಂಭೋಜದ ಜೈನ ಕುಟುಂಬದಲ್ಲಿ ಜನಿಸಿದ ಕರ್ಮವೀರ ಭಾವೂರಾವ್ ಪಾಟೀಲರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ಸಾತಾರದ ವಿದ್ಯಾರ್ಥಿನಿಲಯದಲ್ಲಿ ಎಲ್ಲ ಜಾತಿಯ ಬಡಮಕ್ಕಳನ್ನು ಒಟ್ಟಿಗೆ ಇರಿಸಿ, ದುಡಿದು ಕಲಿಯುವ ಸ್ವಾವಲಂಬನೆಯ ಮಾರ್ಗವನ್ನು ತೋರಿದರು. ಸ್ವಂತ ಕೈಯಿಂದ ದುಡಿಯುವ ಮಗುವಿಗೆ ಒಂದು ದೊಡ್ಡ ಲಾಭವುಂಟು. ಸುಟ್ಟ ರೊಟ್ಟಿಯನ್ನು ಬಚ್ಚಿಡಲಾಗುವುದಿಲ್ಲ. ಎಲ್ಲರೂ ನೋಡುತ್ತಾರೆ, ಎಲ್ಲರೂ ನಗುತ್ತಾರೆ, ಮರುದಿನ ಮತ್ತೆ ಹಿಟ್ಟು ನಾದಬೇಕಾಗುತ್ತದೆ. ತಪ್ಪು ಮಾಡಿ ತಿದ್ದಿಕೊಳ್ಳುವುದು ಲಜ್ಜೆಯ ವಿಷಯವಲ್ಲ, ಕಲಿಕೆಯ ರೀತಿಯೆಂದು ಕೈ ಮನಸ್ಸಿಗೆ ಕಲಿಸುತ್ತದೆ. ಆದುದರಿಂದ ಶಿಬಿರದಲ್ಲಿ ಭಾಷಣದ ಸ್ಪರ್ಧೆಯಿರಲಿ. ಅದರೊಡನೆ ಮಂದಿರದ ಅಂಗಳ ಗುಡಿಸುವ, ಊಟ ಬಡಿಸುವ, ಪಾತ್ರೆ ತೊಳೆಯುವ ಸರದಿಯೂ ಇರಲಿ.

ಮಗುವಿನ ಸಂಕಟವು ಮನೆಯವರ ಅಳವಿಗೆ ಮೀರಿದುದೆಂದು ತೋರಿದಾಗ ವೈದ್ಯರ, ಆಪ್ತ ಸಮಾಲೋಚಕರ ನೆರವನ್ನು ಪಡೆಯಲು ಸಂಕೋಚಪಡಬಾರದು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಅದು ಉಚಿತ. ಜ್ವರಕ್ಕೆ ಔಷಧಿ ತೆಗೆದುಕೊಳ್ಳುವುದು ಧರ್ಮಕ್ಕೆ ಹೇಗೆ ವಿರುದ್ಧವಲ್ಲವೋ ಇದೂ ಹಾಗೆಯೇ.

ಎರಡು ಮುಕ್ತಾಯಗಳು

ಇನ್ನು ಆ ಬಾಲಕನ ಮನೆಗೆ ಮರಳಬಹುದು. ಅವನ ಕಥೆಗೆ ಎರಡು ಮುಕ್ತಾಯಗಳು ಸಾಧ್ಯ.

ಒಂದರಲ್ಲಿ ಅಜ್ಜಿ "ಹಸಿವಿಲ್ಲದಿದ್ರ ಏಳು" ಎಂದು ಜಪಮಾಲೆಗೆ ಮರಳುತ್ತಾಳೆ. ಕಾಗದ ಚೀಲದಲ್ಲಿಯೇ ಉಳಿಯುತ್ತದೆ. ಒಂದು ವಾರದ ಬಳಿಕ ಶಾಲೆಯಿಂದ ಫೋನು ಬರುತ್ತದೆ. ತಂದೆ ಎಲ್ಲರ ಮುಂದೆ ಕೂಗಾಡುತ್ತಾನೆ. ಮಗ ಮುಂದಿನ ಸಲ ಸಹಿಯನ್ನು ಇನ್ನೂ ಚೆನ್ನಾಗಿ ಹಾಕುವುದನ್ನು ಕಲಿಯುತ್ತಾನೆ, ಅಥವಾ ಒಳಗೊಳಗೇ ಮುರಿಯುತ್ತಾನೆ.

ಇನ್ನೊಂದರಲ್ಲಿ ಅಜ್ಜಿ ಜಪಮಾಲೆಯನ್ನು ಕಣ್ಣಿಗೊತ್ತಿಕೊಂಡು ಕೆಳಗಿಡುತ್ತಾಳೆ. ಏನನ್ನೂ ಕೇಳದೆ ಮೊಮ್ಮಗನ ಬೆನ್ನ ಮೇಲೆ ಕೈಯಿಟ್ಟು ಸುಮ್ಮನೆ ಕುಳಿತಿರುತ್ತಾಳೆ. ಸ್ವಲ್ಪ ಹೊತ್ತಿನ ಮೇಲೆ ಕಾಗದ ಚೀಲದಿಂದ ಹೊರಬರುತ್ತದೆ. ಅವಳಿಗೆ ಮರಾಠಿ ಅಕ್ಷರಗಳು ಬರುವುದಿಲ್ಲ, ಆದರೆ ಮೊಮ್ಮಗನ ಮುಖವನ್ನು ಓದಲು ಬರುತ್ತದೆ. "ಹೇಳಿದ್ದು ಛಲೋ ಆತು. ಅಪ್ಪಗ ನೀನ ಹೇಳು. ನಾನೂ ಬಾಜೂಕ ಕುಂದರ್ತೀನಿ" ಎನ್ನುತ್ತಾಳೆ.

ತಂದೆ ಅಂಗಡಿಯಿಂದ ಬರುತ್ತಾನೆ. ಕಾಗದವನ್ನು ನೋಡುತ್ತಾನೆ, ತನ್ನದಲ್ಲದ ತನ್ನ ಸಹಿಯನ್ನೂ ನೋಡುತ್ತಾನೆ. ಅವನ ಮುಖ ಕೆಂಪಾಗುತ್ತದೆ. ಕೈ ಮೇಲೇಳುವಷ್ಟರಲ್ಲಿ ತಾಯಿಯ ಮುಖದ ಕಡೆಗೆ ದೃಷ್ಟಿ ಹೋಗುತ್ತದೆ. ತಾನು ಇದೇ ವಯಸ್ಸಿನಲ್ಲಿ ಬಚ್ಚಿಟ್ಟ ಒಂದು ಕಾಗದ ಅವನಿಗೆ ನೆನಪಾಗುತ್ತದೆ. ಬಹಳ ಹೊತ್ತಿನ ಮೇಲೆ ಅವನು, "ನಾಳೆ ಸಾಲಿಗೆ ಇಬ್ಬರೂ ಕೂಡಿ ಹೋಗೂಣು. ಸರ್ ಮುಂದ ನೀನ ಹೇಳಬೇಕು" ಎನ್ನುತ್ತಾನೆ. ಮಗ ತಲೆಯಾಡಿಸುತ್ತಾನೆ. ಹೊರಗೆ ಕತ್ತಲಾಗಿದೆ, ಊಟದ ಹೊತ್ತು ಮೀರಿದೆ. ಆ ರಾತ್ರಿ ಅವನು ಉಪವಾಸವೇ ಮಲಗುತ್ತಾನೆ, ಆದರೆ ನಿದ್ದೆ ಬರುತ್ತದೆ.

ಈ ಎರಡು ಮುಕ್ತಾಯಗಳ ನಡುವಿನ ಅಂತರವು ಬೆನ್ನ ಮೇಲಿಟ್ಟ ಒಂದು ಕೈ ಮಾತ್ರ.

ದಶಲಕ್ಷಣ ಪರ್ವದ ಬಳಿಕ ಬರುವ ಕ್ಷಮಾವಣಿಯ ದಿನ ಕಿರಿಯರು ಹಿರಿಯರ ಪಾದ ಮುಟ್ಟಿ ಕ್ಷಮೆ ಕೇಳುವ ಸಂಪ್ರದಾಯ ಎಲ್ಲೆಡೆ ಇದೆ. ಆ ದಿನ ಹಿರಿಯರೂ ತಮ್ಮ ಮಕ್ಕಳ ಹೆಸರನ್ನು ಹಿಡಿದು, ಇಂತಹ ದಿನ ಇಂತಹ ಮಾತಿನಿಂದ ನಿನಗೆ ನೋವು ಕೊಟ್ಟೆ ಎಂದು ನಿರ್ದಿಷ್ಟವಾಗಿ ಹೇಳಿ ಕ್ಷಮೆ ಕೇಳುವಂತಾಗಲಿ. ಗೌತಮ ಗಣಧರರು ನಡೆದು ತೋರಿಸಿದ ದಾರಿ ಅದು. ಅಂತಹ ಮನೆಗಳಲ್ಲಿ ಬೆಳೆಯುವ ಮಕ್ಕಳು ವೇದಿಕೆಯ ಮೇಲೆ ತಡವರಿಸಿದರೂ ಚಿಂತೆಯಿಲ್ಲ, ಬಾಳಿನಲ್ಲಿ ತಡವರಿಸುವುದಿಲ್ಲ.

ಶಲ್ಯರಹಿತವಾದ ಬಾಲ್ಯವು ಎಲ್ಲ ಮನೆಗಳ ಭಾಗ್ಯವಾಗಲಿ. ಸರ್ವ ಜೀವಗಳಿಗೂ ಮಂಗಳವಾಗಲಿ.

ಜೈ ಜಿನೇಂದ್ರ.